ಗಾರ್ಡ್ ರಾಯರ ವ್ಯಾನಿಗೆ ಹೊಲಿದ ಪರದೆ

ರೆಕ್ಸಿನ್ ಅಂಟಿಸುವ ಸೊಲ್ಯೂಷನ್ ವಾಸನೆ ನನಗೆ ಈಗಲೂ ಆಗುವುದಿಲ್ಲ. ಮೊನ್ನೆ ಕಡೂರಿನಲ್ಲಿ ನನ್ನ ತಂಗಿಯ ಮಗ ತನ್ನ ಹಳೇ ವ್ಯಾನಿನೊಳಗೆ ಮಲಗುವ ಹಲಗೆ, ಮಡಚುವ ಮೇಜು ಎಲ್ಲಾ ಕೂರಿಸಿ, 'ಬಾ ದೊಡ್ಡಮ್ಮ, ನೋಡು' ಅಂತ ಬಾಗಿಲು ತೆರೆದ. ಬಿಸಿಲಿಗೆ ಕಾದ ರೆಕ್ಸಿನ್ನು, ಸೊಲ್ಯೂಷನ್ನು, ಅದರ ಜೊತೆಗೆ ದೇವರ ಪಟಕ್ಕೆ ಹಚ್ಚಿದ ಊದಿನಕಡ್ಡಿ. ಒಂದು ಕಾಲು ಒಳಗಿಟ್ಟವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಳಗಿಳಿದುಬಿಟ್ಟೆ. ಹುಡುಗ ಪಾಪ, ಮುಖ ಸಣ್ಣ ಮಾಡಿಕೊಂಡ. ಅವನಿಗೇನು ಗೊತ್ತು… ಬೀರೂರಿನಲ್ಲಿ ನಾನು ಇನ್ನೊಂದು ವ್ಯಾನಿನ ಒಳಗನ್ನು ನೋಡಿದವಳು.

ಆ ವ್ಯಾನು ನಮ್ಮ ಪಕ್ಕದ ಮನೆಯ ಗಾರ್ಡ್ ರಾಯರದು. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ನಾನಾಗ ಇಪ್ಪತ್ತನಾಲ್ಕರವಳು. ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ರವಿಕೆ, ಲಂಗ ಹೊಲಿಯುತ್ತಿದ್ದೆ. ರಾಯರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ. ನಶ್ಯ ಏರಿಸಿ ಏರಿಸಿ ಮೀಸೆಯ ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಸೀನಿದ ಕೈಯನ್ನು ಪಂಚೆಗೆ ಒರೆಸಿ, ಅದೇ ಕೈಯಲ್ಲಿ ನನ್ನ ಮಷಿನ್ ಮೇಲಿನ ಬಟ್ಟೆ ಸವರಿ, 'ಒಳ್ಳೇ ಪೀಸು ಕಣಮ್ಮ' ಅನ್ನೋರು. ಯಾವುದನ್ನೂ ಬಿಸಾಡುವ ಮನುಷ್ಯನಲ್ಲ. ಹಲ್ಲುಜ್ಜಿದ ಬೇವಿನ ಕಡ್ಡಿಯನ್ನೂ ಒಣಗಿಸಿ ಹಂಡೆಯ ಒಲೆಗೆ ಇಡೋರು ಅಂದಮೇಲೆ ನೀವೇ ಯೋಚನೆ ಮಾಡಿ.

ಹೆಂಡತಿ ಇದಕ್ಕೆ ತದ್ವಿರುದ್ಧ. ಓಣಿಗೆಲ್ಲ ಅವರು ಮಡಿ ಅಮ್ಮ. ಬೇರೆಯವರು ಮುಟ್ಟಿದ ನೀರು ಕುಡಿಯರು, ಹೊರಗಿನ ಅನ್ನದ ಮಾತೇ ಇಲ್ಲ. ನಾನು ಹೊಲಿದ ರವಿಕೆ ಕೊಡಲು ಹೋದರೆ ಜಗಲಿಯ ಅಂಚಿನಲ್ಲಿ ಇಡಿಸೋರು. 'ಚೆನ್ನಾಗ್ ಹೊಲ್ದಿದೀಯ ಕಣೇ' ಅಂತ ಬಾಯಿತುಂಬ ಹೇಳೋರು. ನಾನು ಮೆಟ್ಟಿಲಿಳಿದು ತಿರುಗುತ್ತಿದ್ದಂತೆ ಬೆನ್ನ ಹಿಂದೆ ಚೊಂಬಿನ ನೀರು ಚಿಮುಕಿಸುವ ಸದ್ದು… ಆಮೇಲೆ ರವಿಕೆ ಒಳಗೆ ಹೋಗುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನನ್ನ ಮೈ ಉರಿದುಹೋಗುತ್ತಿತ್ತು.

ಗಂಡ ರೈಲ್ವೆಯವರು, ವರ್ಷ ವರ್ಷ ಪಾಸು ಬರುತ್ತಿತ್ತು. ಈಯಮ್ಮ ಮಾತ್ರ ಅಜ್ಜಂಪುರದ ತವರಿನಾಚೆಗೆ ಎಲ್ಲಿಗೂ ಹೋದವರಲ್ಲ. ರೈಲಿನಲ್ಲಿ ಯಾರ ಪಕ್ಕ ಕೂರುವುದು, ಎಲ್ಲಿಯ ನೀರು ಕುಡಿಯುವುದು? ಆದರೂ ಒಂದೇ ಒಂದು ಆಸೆ ಇತ್ತು ಅವರಿಗೆ. ರಾಮೇಶ್ವರಕ್ಕೆ ಹೋಗಬೇಕು, ಸಮುದ್ರದಲ್ಲಿ ಮುಳುಗು ಹಾಕಬೇಕು. 'ಸಮುದ್ರ ಅಂದ್ರೆ ನಮ್ ಬುಕ್ಕಾಂಬುಧಿ ಕೆರೆ ಥರಾನೇ ಇರುತ್ತೇನೇ? ಆಚೆ ದಡ ಕಾಣ್ಸೋದೇ ಇಲ್ವಂತೆ, ಹೌದಾ?' ಅಂತ ಜಗಲಿಯಿಂದಲೇ ನನ್ನನ್ನು ಕೇಳೋರು. ನಾನೇನು ಕಂಡಿದ್ದೆನೇ! 'ಇರ್ಬೋದಮ್ಮ' ಅನ್ನುತ್ತಿದ್ದೆ.

ನಿವೃತ್ತರಾದ ವರ್ಷ ರಾಯರು ಅದಕ್ಕೊಂದು ದಾರಿ ಹುಡುಕಿದರು. ಅಡುಗೆ, ನೀರು, ಹಾಸಿಗೆ ಎಲ್ಲಾ ಒಳಗೇ ಇರುವ ಒಂದು ಗಾಡಿ ಮಾಡಿಬಿಟ್ಟರೆ ಮಡಿಗೂ ಭಂಗವಿಲ್ಲ, ಯಾತ್ರೆಯೂ ಆಯಿತು. ತರೀಕೆರೆಯಲ್ಲಿ ಹಳೇ ವ್ಯಾನು ಸಿಕ್ಕಿತು. ಘಟ್ಟದ ಕೆಳಗಿನಿಂದ ಒಣಮೀನು ತಂದು ಸಂತೆಗಳಿಗೆ ಹಾಕುತ್ತಿದ್ದ ವ್ಯಾನು ಅದು. ಹೆಂಡತಿಗೆ ಮಾತ್ರ 'ತೆಂಗಿನಕಾಯಿ ಲೋಡ್ ಹೊಡೀತಿದ್ದ ಗಾಡಿ' ಅಂದರು. ಎರಡು ವಾರ ತೊಳೆದರು. ಸೀಗೆಪುಡಿ ಆಯಿತು, ಹುಣಸೆಹಣ್ಣಾಯಿತು, ಸುಣ್ಣದ ನೀರಾಯಿತು, ಕಡೆಗೆ ಗಂಜಲವನ್ನೂ ಸುರಿದರು. ಮೀನಿನ ವಾಸನೆ ಹೋಗಲಿಲ್ಲ, ಗಂಜಲದ ವಾಸನೆ ಬಂದು ಜೊತೆಗೆ ಕೂತಿತು. ತಗಡಿನ ಸಂದಿಗೆ ಕಡ್ಡಿ ಹಾಕಿ ಕೆದಕಿದರೆ ಮೀನಿನ ಮುಳ್ಳು ಬರುತ್ತಿತ್ತು. ಅದನ್ನು ಬೆರಳಲ್ಲೇ ಎತ್ತಿ ಮೂಸಿ ನೋಡೋರು ಪುಣ್ಯಾತ್ಮ!

ಒಳಗಿನ ಶೃಂಗಾರ ಕೇಳಬೇಡಿ. ಗೋಡೆಗೆ ಎಣ್ಣೆ ಡಬ್ಬ ಬಿಡಿಸಿ ಬಡಿದ ತಗಡು, ಅದರ ಮೇಲೆ ಮೈದಾ ಅಂಟಿನಲ್ಲಿ ಹಳೇ ಕ್ಯಾಲೆಂಡರಿನ ದೇವರುಗಳು. ಅಂಟು ಒಣಗುವ ಮೊದಲೇ ಜಿರಲೆ ಬಂದವು. ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಕಿತ್ತುತಂದ ಜಿಡ್ಡುಜಿಡ್ಡು ಹಾಸು ನೆಲಕ್ಕೆ. ಮೆತ್ತೆಗೆ ಯಾರೋ ಬಿಸಾಡಿದ ಹಾಸಿಗೆಯ ತೆಂಗಿನ ನಾರು. ಅದನ್ನು ತರೀಕೆರೆಯ ಕುಶನ್ ಸಾಹೇಬರ ಅಂಗಡಿಗೆ ಒಯ್ದರೆ, ಅವರು ಒಂದು ಹಿಡಿ ಎತ್ತಿ ಮೂಸಿ, 'ರಾಯರೇ, ಇದರ ಮೇಲೆ ನಾಯೀನೂ ಮಲಗಲ್ಲ. ನಾನು ಹೊಲಿಯಲ್ಲ, ತಗೊಂಡ್ ಹೋಗಿ' ಅಂದರಂತೆ. ಇದನ್ನು ರಾಯರೇ ಬಂದು ನಗುನಗುತ್ತಾ ಹೇಳಿದರು. ಕಡೆಗೆ ತಾವೇ ಗೋಣಿಸೂಜಿ ಹಿಡಿದು, ದಾರದ ತುದಿಗೆ ಉಗುಳು ಹಚ್ಚಿ ಹಚ್ಚಿ ಹೊಲಿದರು. ಮೇಲಿನ ಕೆಂಪು ರೆಕ್ಸಿನ್ನು ಕ್ಷೌರದಂಗಡಿಯ ಹಳೇ ಕುರ್ಚಿಗಳಿಂದ ಬಿಚ್ಚಿ, ಸೊಲ್ಯೂಷನ್ ಬಳಿದು ಅಂಟಿಸಿದ್ದು. ಮೇಲೆಲ್ಲಾ ಥಳಕು, ಒಳಗೆಲ್ಲಾ ಹುಳುಕು. ಓಣಿಯ ಜನ ಬಂದು ನೋಡಿ 'ಅರಮನೆ ಕಣ್ರೀ' ಅಂದು ಹೋಗುತ್ತಿದ್ದರು, ನನಗೆ ಅದು ಇನ್ನೂ ಹೇಸಿಗೆ.

ಒಂದು ಮಾತು ಮಾತ್ರ ಹೇಳಬೇಕು. ಹೆಂಡತಿಯ ಮೊಣಕಾಲಿನ ಎತ್ತರವನ್ನು ನೂಲಿನಲ್ಲಿ ಅಳೆದುಕೊಂಡು, ಕಾಲು ಜೋತಾಡಬಾರದು ಅಂತ ಆ ಮೆತ್ತೆಯ ಕೆಳಗಿನ ಹಲಗೆಯನ್ನು ಮೂರು ಸಲ ಬಿಚ್ಚಿ ಕೂರಿಸಿದ್ದರು. ಅವರ ನೀರಿನ ಬಿಂದಿಗೆಗೆ ಬೇರೆ ಯಾರ ಕೈಯೂ ತಾಗದ ಹಾಗೆ ಒಂದು ಗೂಡು ಮಾಡಿದ್ದರು. ಅಷ್ಟು ಕೊಳಕು ಕೈಯಿಂದ ಅಷ್ಟು ನಾಜೂಕಿನ ಕೆಲಸ…

ಕಿಟಕಿಗೂ ಹಾಸಿಗೆಯ ಸುತ್ತಲೂ ಇಳಿಬಿಡುವ ನೆರಿಗೆಯ ಪರದೆ ನನ್ನ ಪಾಲಿಗೆ ಬಂತು. ಒಂದು ದಿನ ರಾಯರು ದೊಡ್ಡ ಗಂಟು ತಂದು ಮಷಿನ್ ಪಕ್ಕ ಹಾಕಿದರು. ಬಿಚ್ಚಿದರೆ ಹತ್ತು ಹನ್ನೊಂದು ಸೀರೆ. ಹಸಿರು, ಕೆಂಪು, ಹಳದಿ. ಅಂಗಡಿಯ ಗಂಜಿ ಇನ್ನೂ ಹೋಗಿರಲಿಲ್ಲ, ಎಲ್ಲಾ ಹೊಸವು. ಮಡಿಕೆ ಬಿಡಿಸಿದರೆ ಅಲ್ಲಲ್ಲಿ ಅರಿಶಿನ ಕುಂಕುಮದ ಕಲೆ, ನಾಲ್ಕು ಅಕ್ಕಿಕಾಳು. ಯಾವುದೋ ಮದುವೆ ಮನೆಯಲ್ಲಿ ಮಡಿಲು ತುಂಬಿದ ಸೀರೆಗಳು, ಯಾರಿಗೋ ಬೇಡವಾಗಿ ಅಗ್ಗಕ್ಕೆ ಬಂದಿವೆ ಅಂದುಕೊಂಡೆ. ರಾಯರ ಕೈಯಿಂದ ಮೊದಲ ಸಲ ಒಂದು ಶುಭದ ವಸ್ತು ಬಂತಲ್ಲ ಅಂತ ಖುಷಿಯಾಗಿ, ಅಕ್ಕಿಕಾಳನ್ನು ಅಂಗೈಯಲ್ಲಿಟ್ಟುಕೊಂಡು ಮಡಿ ಅಮ್ಮನ ಜಗಲಿಗೆ ಹೋದೆ.

ಮಡಿ ಅಮ್ಮ ಬಗ್ಗಿ ನನ್ನ ಅಂಗೈಯನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

'ಮದ್ವೆ ಮನೇದು ಅಂತೀಯಾ?'

'ಹೂಂನಮ್ಮ, ನೋಡಿ, ಮಡಿಲಕ್ಕಿ ಹಂಗೇ ಐತೆ.'

'ಸರಿ ಹಾಗಾದ್ರೆ. ಮದ್ವೆ ಮನೇದೇ. ಹೊಲಿ ನೀನು.' ಅಷ್ಟು ಹೇಳಿ ಒಳಗೆ ಹೋದರು. ಅವತ್ತು ನೀರು ಚಿಮುಕಿಸಲಿಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಹೊರಡಲು ವಾರ ಇತ್ತು. ಹಿಂದಿನ ಕಿಟಕಿಗೆ ಹಸಿರು ಬಟ್ಟೆ ಸಾಲಲಿಲ್ಲ. ರಾಯರು ನಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದಾಗ, 'ಇನ್ನೊಂದು ಹಸಿರು ಸೀರೆ ಬೇಕಲ್ಲ ರಾಯರೇ' ಅಂದೆ. ಅವರು ಒಂದು ಚಿಟಿಕೆ ನಶ್ಯ ಏರಿಸಿ, ಏನೂ ವಿಶೇಷವಿಲ್ಲದ ಹಾಗೆ ಅಂದರು: 'ಸ್ವಲ್ಪ ತಡಿ. ಸ್ಮಶಾನ ಕಾಯೋನಿಗೆ ಹೇಳಿದೀನಿ. ಯಾರಾದ್ರೂ ಮುತ್ತೈದೆ ಹೋದ್ರೆ ಎತ್ತಿಡ್ತೀನಿ ಅಂದಿದಾನೆ.'

ನಮ್ಮ ಕಡೆ ಮುತ್ತೈದೆ ಸತ್ತರೆ ಹೆಣಕ್ಕೆ ಅರಿಶಿನ ಕುಂಕುಮ ಇಟ್ಟು, ಮಡಿಲು ತುಂಬಿ ಕಳಿಸುತ್ತಾರೆ. ನಂಟರು ಒಬ್ಬೊಬ್ಬರೂ ಒಂದೊಂದು ಹೊಸ ಸೀರೆ ಹೊದಿಸುತ್ತಾರೆ. ಬೆಂಕಿಗೆ ಕೊಡುವ ಮುಂಚೆ ಮೇಲಿನ ಸೀರೆಗಳನ್ನೆಲ್ಲ ತೆಗೆದು ಸ್ಮಶಾನ ಕಾಯುವವನಿಗೆ ಬಿಡುವುದು ವಾಡಿಕೆ. ಮದುವೆಗೂ ಅದೇ ಅಕ್ಕಿ, ಅದೇ ಕುಂಕುಮ. ಸಾವಿಗೂ ಅದೇ. ನನಗೆ ಹೊಳೆದಿರಲಿಲ್ಲ. ಹೊಲಿಯುವವರಿಗೆ ಒಂದು ಅಭ್ಯಾಸ ಇರುತ್ತದೆ, ದಾರವನ್ನು ಹಲ್ಲಿನಲ್ಲಿ ಕಡಿಯುವುದು. ಹೆಣದ ಮೇಲಿಂದ ಬಂದ ಅಷ್ಟೂ ಸೀರೆಯ ಅಂಚಿಗೂ ನಾನು ಬಾಯಿ ಹಾಕಿದ್ದೆ. ಚರಂಡಿಯ ಹತ್ತಿರ ಕೂತು ಕರುಳು ಕಿತ್ತು ಬರುವ ಹಾಗೆ ಕಾರಿಕೊಂಡೆ.

ರಾಯರು ಹಿಂದೆಯೇ ಬಂದು ನಿಂತಿದ್ದರು. 'ಯಾಕಮ್ಮ, ಹೊಸ ಬಟ್ಟೆ ಅಲ್ವೇನೇ? ಸತ್ತೋರೇನು ಉಟ್ಕೊಂಡ್ ಓಡಾಡಿದ್ರಾ? ಒಗದ್ರೆ ಆಯ್ತಪ್ಪ…' ಅಂದರು. ನಾನು ಬಾಯಿ ತೊಳೆಯುತ್ತಲೇ ಇದ್ದೆ. ಅವರ ದನಿ ಇಳಿಯಿತು. 'ಅವಳಿಗ್ ಮಾತ್ರ ಹೇಳ್ಬೇಡ ಕಣಮ್ಮ. ಹೊರಡೋಕೆ ಒಂದ್ ವಾರ ಇದೆ. ಕೈ ಮುಗೀತೀನಿ.' ನಶ್ಯ ಮೆತ್ತಿದ ಆ ಎರಡು ಕೈ ನಿಜಕ್ಕೂ ಮುಗಿದುಕೊಂಡು ನನ್ನ ಮುಂದೆ ನಿಂತವು. ನನಗೆ ಮತ್ತೆ ವಾಂತಿ ಬಂತು.

ಪಾಪ, ಆ ಹೆಂಗಸಿಗೆ ಏನೂ ಗೊತ್ತಿಲ್ಲ, ಹೇಳದಿದ್ದರೆ ಪಾಪ ನನಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಅವತ್ತೇ ಮಧ್ಯಾಹ್ನ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಆ ಚೊಂಬು ಕಂಡಿತು. ನಾನು ಮುಟ್ಟಿದರೆ ನೀರು ಚಿಮುಕಿಸುವವಳು ಹೆಣದ ಬಟ್ಟೆಯ ನಡುವೆ ಕೂತು ರಾಮೇಶ್ವರಕ್ಕೆ ಹೋಗುತ್ತಾಳಂತೆ! ಕೇಳಿದಾಗ ಅವರ ಮುಖ ಹೇಗಾಗುತ್ತದೋ ನೋಡಬೇಕು ಅನ್ನಿಸಿತ್ತು ನನಗೆ. ಒಂದೇ ಉಸಿರಿಗೆ ಹೇಳಿಬಿಟ್ಟೆ. 'ಅದು ತೆಂಗಿನಕಾಯಿ ಗಾಡಿ ಅಲ್ಲ ಕಣ್ರಮ್ಮ, ಮೀನಿನ ಗಾಡಿ. ಪರದೆ ಎಲ್ಲಾ ಹೆಣದ ಮೇಲಿನ ಸೀರೆ. ಮದ್ವೆ ಮನೇದಲ್ಲ, ಸುಡುಗಾಡಿಂದು.'

ಮಡಿ ಅಮ್ಮ ಬತ್ತಿ ಹೊಸೆಯುತ್ತಿದ್ದರು. ಮುಖದಲ್ಲಿ ನಾನು ಕಾದಿದ್ದ ಯಾವುದೂ ಆಗಲಿಲ್ಲ. ಹತ್ತಿಯನ್ನು ಪಕ್ಕಕ್ಕಿಟ್ಟರು.

'ಅಯ್ಯೋ, ಯಾಕ್ ಹೇಳ್ದ್ಯೇ?' ಅಂದರು.

'ನಿಮಗ್ ಗೊತ್ತಾಗ್ಲಿ ಅಂತ…' ಅಂದೆ.

'ಅಕ್ಕಿಕಾಳು ನೋಡಿದ್ ದಿನಾನೇ ನಂಗ್ ಗೊತ್ತಿತ್ತು ಕಣೇ. ಮದ್ವೆ ಮನೇಲಿ ಅಷ್ಟೊಂದ್ ಹೊಸ ಸೀರೆ ಯಾರ್ ಬಿಟ್ಟಾರು? ಆ ಗಾಡಿ ಬಂದ್ ದಿನಾನೇ ಮೀನಿನ ವಾಸನೆ ಮೂಗಿಗೆ ಬಡೀತು. ಮೂಗಿಗ್ ಬಂದಿದ್ ಬೇರೆ, ಕಿವಿಗ್ ಬಿದ್ದಿದ್ ಬೇರೆ.' ಸೆರಗಿಗೆ ಅಂಟಿದ ಎಳೆ ಕೊಡವುತ್ತಾ ಮತ್ತೆ ಹೇಳಿದರು. 'ನನ್ ಮಗಳ ಧಾರೆ ದಿನ ತವರಿನ ಆಳು ಬಂದು ಬಾಗ್ಲಲ್ಲಿ ನಿಂತಿದ್ದ. ಅವನ್ ಮುಖ ನೋಡ್ತಲೇ ಗೊತ್ತಾಯ್ತು, ಅಣ್ಣ ಹೋದ ಅಂತ. ಬಾಯ್ ಬಿಡ್ಬೇಡ ಕಣಪ್ಪ, ಮೊದ್ಲು ಊಟ ಮಾಡು ಅಂದೆ. ಧಾರೆ ಆಯ್ತು, ಊಟ ಆಯ್ತು, ಸಾಯಂಕಾಲ ಹೇಳ್ದ. ಆಮೇಲೆ ಅತ್ತೆ. ಕಿವಿಗೆ ಬೀಳೋವರ್ಗೂ ಸೂತಕ ಇಲ್ಲ ಕಣೇ. ನೀನ್ ಒಂದ್ ತಿಂಗಳು ಸುಮ್ನಿದ್ದಿದ್ರೆ ನಾನು ಸಮುದ್ರ ನೋಡ್ಕೊಂಡ್ ಬರ್ತಿದ್ದೆ.'

ಎದ್ದು ಒಳಗೆ ಹೋದರು. ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳಿಸಿತು. 

ಸಂಜೆ ರಾಯರು ನಮ್ಮ ಬಾಗಿಲಿಗೆ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. 'ಹೇಳ್ಬಿಟ್ಯಾ?' ಅಂದರು, ಅಷ್ಟೇ. ಮಾರನೇ ದಿನ ಕಡೂರಿಗೆ ಹೋಗಿ, ಅಂಗಡಿಯಿಂದ ಹೊಸ ಬಟ್ಟೆ ತಂದರು. ಬಿಳಿಯ ಮೇಲೆ ನೀಲಿ ಹೂವು. ಆ ಮನುಷ್ಯ ಹೊಸದು ಅಂತ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತೇ ಕೂತು ಎಲ್ಲಾ ಪರದೆ ಹೊಸದಾಗಿ ಹೊಲಿದುಕೊಟ್ಟೆ. ಮಡಿ ಅಮ್ಮ ವ್ಯಾನು ಹತ್ತಲಿಲ್ಲ. ಕೇಳಿಯಾದ ಮೇಲೆ ಕೇಳಿಲ್ಲ ಅನ್ನುವುದಕ್ಕಾಗುತ್ತದೆಯೇ? ಬಟ್ಟೆಯನ್ನೇನೋ ಬದಲಾಯಿಸಬಹುದು, ಮೀನಿನ ಗಾಡಿಯನ್ನು ಯಾವ ಅಂಗಡಿಯಲ್ಲಿ ಬದಲಾಯಿಸುವುದು?

ವ್ಯಾನು ಹುಣಸೆಮರದ ಕೆಳಗೆ ನಿಂತಲ್ಲೇ ನಿಂತಿತು. ಟೈರು ಕೂತವು, ಒಳಗೆ ಕೋಳಿಗಳು ಮೊಟ್ಟೆ ಇಟ್ಟವು. ಮಧ್ಯಾಹ್ನದ ಹೊತ್ತು ರಾಯರು ಒಬ್ಬರೇ ಆ ಕೆಂಪು ಮೆತ್ತೆಯ ಮೇಲೆ ಕೂತಿರುತ್ತಿದ್ದರು. ಎರಡು ವರ್ಷದ ಮೇಲೆ ಮಡಿ ಅಮ್ಮ ಜ್ವರದಲ್ಲಿ ಹೋದರು, ಮುತ್ತೈದೆಯಾಗಿಯೇ ಹೋದರು. ಓಣಿಯ ಹೆಂಗಸರೆಲ್ಲ ಸೀರೆ ತಂದು ಹೊದಿಸಿದರು, ನಾನೂ ಒಂದು ಹಸಿರು ಸೀರೆ ಹೊದಿಸಿದೆ. ಸ್ಮಶಾನದಲ್ಲಿ ಕಾಯುವವನು ಸೀರೆ ತೆಗೆಯಲು ಬಂದಾಗ ರಾಯರು ಅವನ ಕೈ ಹಿಡಿದುಕೊಂಡರಂತೆ. 'ಒಂದೂ ಮುಟ್ಬೇಡಪ್ಪ, ಎಲ್ಲಾ ಅವಳ ಜೊತೇಲೇ ಹೋಗ್ಲಿ' ಅಂದರಂತೆ. ಹೆಣದ ಜೊತೆ ಹೋಗಿದ್ದ ನಮ್ಮಣ್ಣ ಬಂದು ಹೇಳಿದ. ಆಮೇಲೆ ರಾಯರು ವ್ಯಾನನ್ನು ಗುಜರಿಗೆ ಕೊಟ್ಟು ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು.

ಅವರಿಬ್ಬರೂ ಹೋಗಿ, ನಡೆದದ್ದನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಹೋದ ವಾರ ಕಡೂರಿನ ಒಂದು ಮದುವೆಯಲ್ಲಿ ಆ ಮಗಳು ಸಿಕ್ಕಿದರು. ಅವರ ತಲೆಯೂ ಪೂರ್ತಿ ನರೆತಿದೆ. ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತರು. ಈಗ ಅದಕ್ಕೆಲ್ಲ ಯಾರೂ ನೀರು ಚಿಮುಕಿಸುವುದಿಲ್ಲ. ಮಾತು ವ್ಯಾನಿನ ಕಡೆಗೆ ಹೋಯಿತು.

'ಅಪ್ಪ ಎಲ್ಲಾ ರೆಡಿ ಮಾಡಿದ್ರು ಕಣ್ರೀ, ಅಮ್ಮ ಮಡಿ ಮಡಿ ಅಂತ ಹಟ ಹಿಡ್ದು ಹತ್ಲೇ ಇಲ್ಲ. ಆ ಸಿಟ್ಟಿಗೆ ನಾನು ಎರಡು ವರ್ಷ ಅಮ್ಮನ್ ಜೊತೆ ಮಾತಾಡ್ಲಿಲ್ಲ. ಅಷ್ಟರಲ್ಲಿ ಹೋಗೇಬಿಟ್ಳು. ಯಾಕೇ ಅಂತ ಕೇಳಿದ್ರೂ ಬಾಯಿ ಬಿಟ್ಟಿರ್ಲಿಲ್ಲ.' ಅವರು ನನ್ನ ಕಡೆ ತಿರುಗಿದರು. 'ನೀವು ಪಕ್ಕದಲ್ಲೇ ಇದ್ರಲ್ಲ, ನಿಮಗೇನಾದ್ರೂ ಗೊತ್ತಾ?'

ಹೇಳಬಾರದಾಗ ಓಡಿಹೋಗಿ ಹೇಳಿದ ಬಾಯಿ ಇದು. ಈಗ ಹೇಳಲೇಬೇಕಾಗಿತ್ತು.

'ನಂಗೇನ್ ಗೊತ್ತಮ್ಮ' ಅಂದೆ.

ಬಡಿಸುವವನು ಹೋಳಿಗೆ ತಂದ. ತುಪ್ಪ ಹಾಕಿಸಿಕೊಂಡು ತಿಂದೆ.