ಐದನೆಯ ತಟ್ಟೆ

ತೀರಿಹೋದವರೊಬ್ಬರಿಗೆಂದು ಇಟ್ಟ ತಟ್ಟೆಯಲ್ಲಿ ನನ್ನ ಗೆಳೆಯ ಹೊಟ್ಟೆ ತುಂಬ ಊಟ ಮಾಡಿದ. ಅವನಿಗೆ ಗೊತ್ತಿರಲಿಲ್ಲ. ಅವನನ್ನು ಅಲ್ಲಿ ಕೂರಿಸಿದ ನನಗೆ ಗೊತ್ತಿತ್ತು.

ಯಾವ ಕ್ಷಣದಲ್ಲಿ ಗೊತ್ತಾಯಿತು ಎಂಬುದನ್ನು ಸರಿಯಾಗಿ ಹೇಳಬೇಕು. ಇಷ್ಟು ದಿನ ಅದನ್ನು ನನಗೆ ನಾನೇ ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡು ನೋಡಿದ್ದೇನೆ. ಇಲ್ಲಿ ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ.

ಲಿಥುವೇನಿಯನ್ ಭಾಷೆ ಕಲಿಯುತ್ತಿದ್ದೇನೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಸ್ವಲ್ಪ ಜಂಬದಿಂದಲೇ ಬರೆದಿದ್ದೆ. ಪ್ಲೇನೋದಲ್ಲಿರುವ ನಮ್ಮ ಆಫೀಸಿನ ಅರ್ಧ ಟೀಮ್ ಇರುವುದು ಆ ದೇಶದ ರಾಜಧಾನಿ ವಿಲ್ನಿಯಸ್‌ನಲ್ಲಿ. ದಿನಾ ಬೆಳಿಗ್ಗೆ ಕಾಲ್‌ನಲ್ಲಿ ಸಿಗುವ ಜನಕ್ಕೆ ಹಬ್ಬದ ದಿನವಾದರೂ ಅವರ ಮಾತಿನಲ್ಲಿ ಒಂದು ಶುಭಾಶಯ ಹೇಳೋಣ ಅನ್ನಿಸಿತ್ತು. (ಮ್ಯಾನೇಜರ್ ಮೆಚ್ಚಲಿ ಎಂಬ ಆಸೆಯೂ ಇತ್ತು. ಸುಳ್ಳೇಕೆ?)

ಹತ್ತಿರದ ಊರು ಯೂಲೆಸ್‌ನಲ್ಲಿ ಶನಿವಾರ ಬೆಳಿಗ್ಗೆ ಪಾಠ. ಹೇಳಿಕೊಡುವವರು ದಾನುತೆ ಎಂಬ ಎಪ್ಪತ್ತು ದಾಟಿದ ಹೆಂಗಸು. ಫೀ ಇಲ್ಲ. ಕಲಿಯುವವರು ನಾವು ನಾಲ್ಕು ಜನ. ಆಕೆಗೆ ಒಂದು ನಂಬಿಕೆ: ಹೊಸಬರಿಗೆ ಭಾಷೆಯನ್ನು ಹಬ್ಬಗಳ ಮೂಲಕವೇ ಕಲಿಸಬೇಕು. ಹಬ್ಬದಲ್ಲಿ ಊಟ ಇರುತ್ತದೆ, ನೆಂಟರು ಇರುತ್ತಾರೆ, ಮೇಜು ಕುರ್ಚಿ ಇರುತ್ತದೆ. ಇನ್ನೇನು ಪದ ಬೇಕು? ಒಂದೊಂದು ಹಬ್ಬಕ್ಕೆ ಒಂದೊಂದು ಹಾಳೆ. ಮೇಲೆ ಚಿತ್ರ, ಕೆಳಗೆ ಹತ್ತು ಪದ.

ಡಿಸೆಂಬರಿನ ಹಾಳೆ ಕೂಚೋಸ್ ಎಂಬ ಹಬ್ಬದ್ದು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುತ್ತಾರೆ. ಮಾಂಸವಿಲ್ಲದ ಹನ್ನೆರಡು ಬಗೆ; ಮೀನು ನಡೆಯುತ್ತದೆ. ಮೇಜಿಗೆ ಹಾಸಿದ ಬಿಳಿ ಬಟ್ಟೆಯ ಕೆಳಗೆ ಒಣಹುಲ್ಲು. ಆ ವರ್ಷ ಮನೆಯಲ್ಲಿ ಯಾರಾದರೂ ತೀರಿಹೋಗಿದ್ದರೆ ಅವರಿಗೂ ಒಂದು ತಟ್ಟೆ. ಅದರ ಮೇಲೆ ಫರ್ ಮರದ ಒಂದು ಎಸಳು, ಒಂದು ಪುಟ್ಟ ಮೇಣದಬತ್ತಿ.

ಆ ತಟ್ಟೆಯ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ‘ಎಡೆ’ ಎಂದು ಬರೆದುಕೊಂಡಿದ್ದೆ. ಮಹಾಲಯ ಅಮಾವಾಸ್ಯೆಗೆ ಹುಬ್ಬಳ್ಳಿಯ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನೋಡಿ ಬೆಳೆದವನಿಗೆ ಅರ್ಥವಾಗದ ಸಂಗತಿಯೇ ಅದು?

ಪಾಠ ಮುಗಿದ ಮೇಲೆ ದಾನುತೆ ನನ್ನನ್ನು ನಿಲ್ಲಿಸಿಕೊಂಡರು. ಗಂಡ ಯೋನಸ್ ಏಪ್ರಿಲಿನಲ್ಲಿ ಹೋಗಿಬಿಟ್ಟಿದ್ದರು. ಮಗಳು ರಸಾ ಆಸ್ಟಿನ್‌ನಿಂದ ಬರುತ್ತಾಳೆ. ಇಬ್ಬರೇ ಆಗುತ್ತೇವೆ, ನೀವೂ ನಿಮ್ಮ ಹೆಂಡತಿಯೂ ಬನ್ನಿ ಎಂದರು. “ನೀವು ಮೀನು ತಿನ್ನುವುದಿಲ್ಲ ಅಲ್ಲವೇ? ಹನ್ನೆರಡನ್ನೂ ಮೀನಿಲ್ಲದೆ ಮಾಡುತ್ತೇನೆ. ಯೋನಸ್‌ಗೂ ಮೀನು ಅಷ್ಟಕ್ಕಷ್ಟೇ.”

ಡಿಸೆಂಬರ್ ಇಪ್ಪತ್ನಾಲ್ಕು. ಮಧ್ಯಾಹ್ನ ಮೂರಕ್ಕೆ ಇರ್ವಿಂಗ್‌ನ ನಮ್ಮ ಮನೆ ಬಾಗಿಲಲ್ಲಿ ವೀರೇಶ ನಿಂತಿದ್ದ. ನನ್ನ ಕಾಲೇಜಿನ ಗೆಳೆಯ, ಈಗ ಹ್ಯೂಸ್ಟನ್‌ನಲ್ಲಿದ್ದಾನೆ. ಹೇಳದೆ ಕೇಳದೆ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ. ನನಗೆ ಖುಷಿಯೋ ಖುಷಿ.

“ಸಂಜೀಕ ಊಟಕ್ಕ ಹೊಂಟೇವಿ, ನೀನೂ ಬಾರಲೇ,” ಎಂದೆ.

“ಕರೀಲಾರದ ಮನಿಗೆ ಹ್ಯಾಂಗ ಬರ್ಲೋ ಮಾರಾಯ? ನಾ ಇಲ್ಲೇ ಅವಲಕ್ಕಿ ತಿಂದು ಬಿದ್ದಿರ್ತೀನಿ.”

“ಹನ್ನೆರಡು ಥರಾ ಮಾಡಿರ್ತಾರ. ಒಬ್ಬಾಂವ ಜಾಸ್ತಿ ಆದ್ರ ಏನಾಗತದ?”

ನನ್ನ ಹೆಂಡತಿ ಶೈಲಾ ಅಡುಗೆಮನೆಯಿಂದಲೇ ಕೂಗಿದಳು: “ಒಂದ್ ಫೋನರೆ ಮಾಡ್ರೀ. ಪಾಪ, ವಯಸ್ಸಾದಾಕಿ.”

“ಕೇಳಿದ್ರ ಬ್ಯಾಡ ಅನ್ನಾಕ ಆಗತದೇನು ಆಕಿಗೆ? ಸುಮ್ನ ಸಂಕಟಕ್ಕ ಹಾಕಿದಂಗ.”

ಆಗ ಅದು ದೊಡ್ಡ ಸೌಜನ್ಯದ ಮಾತು ಅನ್ನಿಸಿತ್ತು. ನಮ್ಮ ಮನೆಗಳಲ್ಲಿ ಕರೆದ ನಾಲ್ವರ ಜೊತೆ ಕರೆಯದ ಇಬ್ಬರು ಬರುತ್ತಾರೆ. ಒಳಗೆ ಇನ್ನೊಂದು ಪಾವು ಅಕ್ಕಿ ಬೀಳುತ್ತದೆ. ಯಾರೂ ಲೆಕ್ಕ ಇಡುವುದಿಲ್ಲ. ಇದನ್ನು ನಾವು ಧಾರಾಳತನ ಎಂದು ಕರೆದುಕೊಳ್ಳುತ್ತೇವೆ. ಆದರೆ ಧಾರಾಳ ಯಾರದು? ಕರೆದುಕೊಂಡು ಹೋಗುವವನದೋ, ಬಡಿಸುವವರದೋ?

ದಾನುತೆ ಬಾಗಿಲು ತೆರೆದರು. ಮೂವರನ್ನೂ ನೋಡಿದರು. ಒಂದು ಉಸಿರಿನಷ್ಟು ತಡೆದು, “ಪ್ರಾಶೋಮ್” ಎಂದರು. ದಯಮಾಡಿ ಬನ್ನಿ ಎಂದರ್ಥ. ಆ ಒಂದು ಉಸಿರನ್ನು ನಾನು ಗಮನಿಸಿದೆ. ಗಮನಿಸಿ ಬಿಟ್ಟುಬಿಟ್ಟೆ.

ನಕ್ಷತ್ರ ಹುಡುಕಲು ಹಿತ್ತಿಲಿಗೆ ಹೋದೆವು. ಯೂಲೆಸ್ ಎಂದರೆ ಏರ್‌ಪೋರ್ಟಿನ ಮಗ್ಗುಲು. ಆಕಾಶದಲ್ಲಿ ಮಿನುಗಿದ್ದೆಲ್ಲ ವಿಮಾನ. “ಅಲ್ಲೈತಿ ನೋಡ್ರಿ ವೈನಿ, ನಕ್ಷತ್ರ,” ಎಂದು ವೀರೇಶ ಶೈಲಾಗೆ ತೋರಿಸಿದ್ದು ಚಕ್ರ ಚಾಚಿಕೊಂಡು ನಮ್ಮ ತಲೆಯ ಮೇಲಿಂದಲೇ ಇಳಿಯಿತು. ದಾನುತೆಯೂ ನಕ್ಕರು. ಯೋನಸ್ ಪ್ರತಿ ವರ್ಷ ಹೀಗೇ ಮೋಸಹೋಗುತ್ತಿದ್ದರಂತೆ. ಕೊನೆಗೆ ಪಕ್ಕದ ಮನೆಯ ಚಾವಣಿಯ ಮೇಲೆ, ಅಲುಗಾಡದ ಒಂದು ಚುಕ್ಕಿ ಸಿಕ್ಕಿತು.

ಒಳಗೆ ರಸಾ ಮೇಜು ಸಿದ್ಧಮಾಡಿದ್ದಳು. ಐದು ಕುರ್ಚಿ, ಐದು ತಟ್ಟೆ.

ನಾನು ಎಣಿಸಿದೆ. ನಾವೂ ಐವರು. ಒಂದು ರೀತಿಯ ಗೆಲುವಿನ ದನಿಯಲ್ಲಿ ವೀರೇಶನ ಬೆನ್ನು ತಟ್ಟಿದೆ. “ನಾ ಹೇಳಲಿಲ್ಲೇನು? ಐದು ತಾಟು ಹಾಕ್ಯಾರ. ಕೂಡು ಅಲ್ಲಿ.”

ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ತಟ್ಟೆಯ ಮೇಲೊಂದು ಹಸಿರು ಎಸಳು, ಹೊತ್ತಿಸಿದ ಪುಟ್ಟ ಮೇಣದಬತ್ತಿ. ಎಲ್ಲರಿಗೂ ಬೆಳಕು ಬರಲಿ ಎಂದು ವೀರೇಶ ಬತ್ತಿಯನ್ನು ಎತ್ತಿ ಮೇಜಿನ ನಡುವೆ ಇಟ್ಟ. ಎಸಳನ್ನು ನ್ಯಾಪ್‌ಕಿನ್ ಪಕ್ಕಕ್ಕೆ ಸರಿಸಿದ.

ಅವನ ಕೈ ಮೇಣದಬತ್ತಿಗೆ ತಾಗಿದಾಗ ನನಗೆ ಗೊತ್ತಾಯಿತು. ಆಮೇಲಲ್ಲ, ಕಾರಿನಲ್ಲಲ್ಲ. ಆಗಲೇ. ಹಾಳೆಯ ಚಿತ್ರ, ನನ್ನದೇ ಪೆನ್ಸಿಲ್ ಅಕ್ಷರ, ಎರಡೂ ಕಣ್ಣ ಮುಂದೆ ಬಂದವು.

ರಸಾ ಬಾಗಿಲಲ್ಲೇ ನಿಂತಳು. ಕೈಯಲ್ಲಿ ಸೂಪಿನ ಪಾತ್ರೆ. “ಮಮ—” ಎಂದಳು. ದಾನುತೆ ಮಗಳ ತೋಳು ಹಿಡಿದು ಮೆಲ್ಲಗೆ ಎರಡು ಪದ ಹೇಳಿದರು. “ಯಿಸ್ ಸ್ವೆಚಿಯಸ್.” ಅವನು ಅತಿಥಿ.

ಎರಡನೆಯ ಶನಿವಾರದ ಪಾಠ ಅದು. ನನಗೆ ಪೂರ್ತಿ ಅರ್ಥವಾಯಿತು.

ಎದ್ದು ಒಂದು ಮಾತು ಹೇಳಬಹುದಿತ್ತು. ‘ವೀರೇಶ, ಏಳು, ಇದು ಅವರ ಯಜಮಾನರ ಜಾಗ’. ಅಷ್ಟೇ. ನಾನು ಹೇಳಲಿಲ್ಲ. ಹೇಳಿದರೆ, ಕರೆಯದವನನ್ನು ಕರೆತಂದವನು ನಾನು ಎಂಬುದು ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಅವರೇ ಒಪ್ಪಿಕೊಂಡ ಮೇಲೆ ನಾನೇಕೆ ಎತ್ತಲಿ ಎಂದು ಸಮಾಧಾನ ಮಾಡಿಕೊಂಡೆ. ಎಷ್ಟು ಬೇಗ ಸಿಗುತ್ತದೆ ನಮಗೆ ಸಮಾಧಾನ!

ಊಟ ನಡೆಯಿತು. ಬೀಟ್‌ರೂಟ್ ಸೂಪು, ಅಣಬೆ, ಹುರುಳಿಕಾಯಿ, ಕಾಳು. ಬಿಸ್ಕತ್ತಿನಂಥ ಸಣ್ಣ ಸಣ್ಣ ಉಂಡೆಗಳನ್ನು ಗಸಗಸೆಯ ಹಾಲಿನಲ್ಲಿ ನೆನೆಸಿ ಕೊಟ್ಟರು. “ಲೇ ಅಶೋಕ, ಇದು ನಮ್ಮ ಗಸಗಸಿ ಪಾಯಸದ ಅಕ್ಕನೋ ತಂಗಿನೋ ಇರಬೇಕಲೇ!” ಎಂದು ವೀರೇಶ ಎರಡು ಸಲ ಹಾಕಿಸಿಕೊಂಡ. ಅವನಷ್ಟು ಮನಸಾರೆ ಉಂಡವರು ಯಾರೂ ಇಲ್ಲ. ರಸಾ ಒಂದು ಚಮಚ ಸೂಪನ್ನೂ ಕುಡಿಯಲಿಲ್ಲ. ಇಡೀ ಹೊತ್ತು ನಡುವಿನ ಮೇಣದಬತ್ತಿಯನ್ನೇ ನೋಡುತ್ತಿದ್ದಳು.

ಊಟವಾದ ಮೇಲೆ ಶೈಲಾ ನಮ್ಮ ಕಡೆಯ ಹೆಂಗಸರಂತೆ ಸೆರಗು ಸಿಕ್ಕಿಸಿ ತಟ್ಟೆ ಎತ್ತಲು ಹೋದಳು. “ಬೇಡ! ಬಿಡಿ, ಹಾಗೇ ಇರಲಿ,” ಎಂದರು ದಾನುತೆ, ಇಂಗ್ಲಿಷಿನಲ್ಲಿ. ಆ ಸಂಜೆ ಅವರ ದನಿ ಏರಿದ್ದು ಅದೊಂದೇ ಸಲ. ಮೇಜನ್ನು ಬೆಳಗಿನವರೆಗೆ ಹಾಗೇ ಬಿಡುತ್ತಾರೆ, ಹೋದವರು ಬಂದು ಉಣ್ಣಲಿ ಎಂದು. ಅದೂ ನನ್ನ ಹಾಳೆಯಲ್ಲಿತ್ತು.

ಕಾರಿನಲ್ಲಿ ಶೈಲಾ ಕೇಳಿದಳು: “ಯಾಕ್ರಿ ಹಂಗ ಒದರಿದ್ರು?”

ಹೇಳಿದೆ. ಎಲ್ಲವನ್ನೂ ಹೇಳಿದೆ.

“ನಿಮಗ ಗೊತ್ತಿತ್ತು?”

“ಹೂಂ.”

“ನಿಮ್ಮಪ್ಪಾರ ಎಡಿ ಮುಂದ ಯಾರರೆ ಬಂದು ಕೂತು ಉಂಡಿದ್ರ ನೀವು ಸುಮ್ನಿರ್ತಿದ್ರೇನು?”

ಹಿಂದಿನ ಸೀಟಿನಿಂದ ವೀರೇಶ ಮುಂದಕ್ಕೆ ಬಾಗಿದ. “ನನ್ನ ಎಬ್ಬಿಸಬೇಕಿತ್ತಲ್ಲೋ. ನಾ ನಿಂತು ಉಣ್ತಿದ್ನಲ್ಲ. ಹೊರಗ ಕಾರಿನಾಗ ಕುಂತಿರ್ತಿದ್ದೆ ಬೇಕಾದ್ರ.”

ನಿಜ. ಅವನಿಗೆ ಬೇಸರವಾಗುತ್ತಿರಲಿಲ್ಲ. ಅವನಿಗೆ ಅವಮಾನವಾದೀತು ಎಂದು ಸುಮ್ಮನಿದ್ದೆ ಎಂದು ಹೇಳಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು.

ಜನವರಿಯ ಮೊದಲ ತರಗತಿಗೆ ಅರ್ಧ ಗಂಟೆ ಮೊದಲೇ ಹೋದೆ. ಕ್ಷಮೆ ಕೇಳುವ ವಾಕ್ಯವನ್ನು ವಾರವಿಡೀ ಬಾಯಿಪಾಠ ಮಾಡಿದ್ದೆ. ದಾನುತೆ ಪೂರ್ತಿ ಕೇಳಿಸಿಕೊಂಡರು. ನನ್ನ ಉಚ್ಚಾರಣೆಯನ್ನು ಅವರು ತಿದ್ದದೆ ಬಿಟ್ಟದ್ದು ಅದೇ ಮೊದಲು.

“ನನಗೆ ಹೇಳಬೇಡಿ,” ಎಂದರು. “ಆ ತಟ್ಟೆ ಇಟ್ಟವಳು ರಸಾ. ತನ್ನಲ್ಲಿಗೆ ಬಂದಾಗಲೆಲ್ಲ ಅಪ್ಪ ಇಷ್ಟಪಡುತ್ತಿದ್ದ ತಟ್ಟೆಯನ್ನು ಆಸ್ಟಿನ್‌ನಿಂದ ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದಳು. ನೀವು ಹೋದ ಮೇಲೆ ನನ್ನನ್ನು ಕೇಳಿದಳು, ನೀನೇಕೆ ಬಾಯಿ ಬಿಡಲಿಲ್ಲ ಎಂದು. ಅತಿಥಿಯನ್ನು ಎಬ್ಬಿಸಬಾರದು ಎಂದೆ. ಅಪ್ಪನನ್ನು ಎಬ್ಬಿಸಬಹುದೇ ಎಂದಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹೊರಟುಹೋಗಿದ್ದಳು.”

ಆಮೇಲೆ ಒಂದು ಚೀಟಿಯಲ್ಲಿ ಮಗಳ ನಂಬರ್ ಬರೆದುಕೊಟ್ಟರು. ಇನ್ನುಳಿದ ಮೂವರು ಬಂದರು, ಪಾಠ ಶುರುವಾಯಿತು. ಫೆಬ್ರವರಿಯ ಹಬ್ಬದ ಹಾಳೆ ಹಂಚಿದರು. ನನಗೂ ಒಂದು ಕೊಟ್ಟರು.

ಹನ್ನೊಂದು ದಿನವಾಯಿತು. ರಸಾಗೆ ಇನ್ನೂ ಫೋನ್ ಮಾಡಿಲ್ಲ. ಎರಡು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ಇಲ್ಲಿ ಮಾತ್ರ ಒಂದು ವಿವರವನ್ನೂ ಬಿಡದೆ, ತಪ್ಪನ್ನು ತಪ್ಪು ಎಂದೇ ಬರೆದು ನಿಮ್ಮ ಮುಂದೆ ಇಟ್ಟಿದ್ದೇನೆ.

ರಸಾಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಿಂದಲೇ?