ಸೂರತ್ತಿನ ತೊಟ್ಟೆ ಹಾಲು

ಕಾಮಾಕ್ಷಿಯವರ ಪ್ರಕಾರ ಸೂರತ್ತಿನ ಹಾಲು ಹಾಲೇ ಅಲ್ಲ. ಸುಣ್ಣ ಕದಡಿದ ನೀರು. ಕುಂದಾಪುರದ ಕೊಟ್ಟಿಗೆಯಲ್ಲಿ ನೊರೆಹಾಲು ಕಂಡು ಬೆಳೆದವರಿಗೆ ಪ್ಲಾಸ್ಟಿಕ್ ತೊಟ್ಟೆಯ ಹಾಲು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಹತ್ತು ವರ್ಷಗಳ ಹಿಂದೆ ಒಂದು ದಿನ ಹಾಲು ಒಡೆದದ್ದೇ ನೆಪವಾಯಿತು. ಅಂದಿನಿಂದ ಹಾಲು, ಮೊಸರು, ಮಜ್ಜಿಗೆ ಯಾವುದನ್ನೂ ಬಾಯಿಗಿಡಲಿಲ್ಲ. ಸೂರತ್ತಿನ ಕತಾರ್‌ಗಾಮ್ ಬಡಾವಣೆಯ ಅವರ ಹೋಟೆಲಿನಲ್ಲಿ ಗಿರಾಕಿಗಳಿಗೆ ಅದೇ ಹಾಲಿನ ಕಾಫಿ ಹೋಗುತ್ತಿತ್ತು, ಅದು ಬೇರೆ ಮಾತು. ದಾಲಿಗೆ ಬೆಲ್ಲ ಹಾಕಿ ತಿನ್ನುವ ಗುಜರಾತಿ ನಾಲಗೆಗಳಿಗೆ ಏನು ಗೊತ್ತಾಗಬೇಕು!

ಸೊಸೆ ಧನುಶ್ರೀಯ ಮೇಲೂ ಅವರಿಗೆ ಅಷ್ಟೇ ತಾತ್ಸಾರ. ಸೂರತ್ತಿನಲ್ಲೇ ಹುಟ್ಟಿದವಳು, ಕನ್ನಡ ಅರೆಬರೆ. ತಟ್ಟೆ ಮುಂದಿಟ್ಟರೆ ಯಾವುದರಲ್ಲಿ ಯಾವ ವಿಟಮಿನ್ ಎಂದು ಮೊಬೈಲು ಕೆದಕುತ್ತಾಳೆ.

“ಅತ್ತೆ, ಸ್ವಲ್ಪ ಛಾಸ್... ಮಜ್ಜಿಗೆ ಆದ್ರೂ ಕುಡೀರಿ. ನಿಮಗೆ ಬಿ ಟ್ವೆಲ್ವ್ ಎಲ್ಲಿಂದ ಸಿಗ್ತದೆ?”

“ನನ್ನ ಅಜ್ಜಿ ತೊಂಬತ್ತು ವರ್ಷ ಬದುಕಿದ್ರು. ಅವರಿಗೆ ಟ್ವೆಲ್ವೂ ಗೊತ್ತಿರ್ಲಿಲ್ಲ, ತರ್ಟೀನೂ ಗೊತ್ತಿರ್ಲಿಲ್ಲ.”

ಆ ಅಜ್ಜಿ ದಿನಕ್ಕೆರಡು ಲೋಟ ಮಜ್ಜಿಗೆ ಕುಡಿಯುತ್ತಿದ್ದದ್ದು ಮಾತ್ರ ನೆನಪಾಗಲಿಲ್ಲ.

ಕಳೆದ ವರ್ಷ ಪಾದಗಳು ಜೋಮು ಹಿಡಿಯತೊಡಗಿದವು. ನಾಲಗೆ ಉರಿಯುತ್ತಿತ್ತು. ಮೆಟ್ಟಿಲು ಇಳಿಯಲು ಗೋಡೆ ಬೇಕಾಯಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಸೊಸೆ ಮೊಬೈಲು ತೆಗೆಯುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲಿದ್ದ ಸೌಟು ಜಾರಿ, ಕುದಿಯುವ ಸಾಂಬಾರು ಬಲಗಾಲಿನ ಮೇಲೆ ಚೆಲ್ಲಿತು. ಕಾಮಾಕ್ಷಿ ದೋಸೆ ಹೊಯ್ಯುವವನಿಗೆ ಬೈಯುತ್ತಲೇ ಇದ್ದರು.

“ಅತ್ತೆ! ನಿಮ್ಮ ಪಗ್... ಕಾಲು, ಕಾಲು ನೋಡಿ!”

ನೋಡಿದರು. ಚರ್ಮ ಕೆಂಪಗಾಗಿ ಬೊಬ್ಬೆ ಏಳುತ್ತಿತ್ತು. ನೋವೇ ಇರಲಿಲ್ಲ.

ಧನುಶ್ರೀ ಕರೆದೊಯ್ದದ್ದು ಡಾಕ್ಟರು ಹೇತಲ್‌ಬೇನ್ ಬಳಿಗೆ. ಸೊಸೆಗಿಂತ ಎರಡು ವರ್ಷ ದೊಡ್ಡವಳಿರಬಹುದು, ಇವಳೇನು ಕಂಡಾಳು ಎಂದುಕೊಂಡೇ ಕಾಮಾಕ್ಷಿ ಕುಳಿತರು. ರಕ್ತದ ರಿಪೋರ್ಟು ನೋಡಿ ಆಕೆ ಹಿಂದಿಯಲ್ಲಿ ನೇರವಾಗಿ ಹೇಳಿದಳು: “ಬಿ ಟ್ವೆಲ್ವ್ ತಳ ಮುಟ್ಟಿದೆ. ನರಗಳು ಹಾಳಾಗ್ತಾ ಇವೆ. ಕಾಳು, ಸೊಪ್ಪಿನಲ್ಲಿ ಇದು ಸಿಗೋದಿಲ್ಲ. ಮಾಂಸ, ಮೊಟ್ಟೆ ತಿನ್ನದವರಿಗೆ ಹಾಲು, ಮೊಸರೇ ಗತಿ. ನೀವು ಅದನ್ನೂ ಬಿಟ್ಟಿದ್ದೀರಿ.”

“ನಮ್ಮದು ಹುಳಿ ಬರಿಸಿದ ಹಿಟ್ಟು. ಇಡ್ಲಿಯಲ್ಲಿ ಎಲ್ಲ ಉಂಟು.”

“ಇದಿಲ್ಲ,” ಎಂದು ಡಾಕ್ಟರು ಇಂಜೆಕ್ಷನ್ ಬರೆದಳು.

ಮೂರು ತಿಂಗಳಲ್ಲಿ ನಾಲಗೆಯ ಉರಿ ಹೋಯಿತು, ಗೋಡೆಯ ಆಸರೆ ಬೇಡವಾಯಿತು. ಬಲಗಾಲಿನ ಎರಡು ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ನೀವು ಬಂದದ್ದು ತಡವಾಯಿತು ಎಂದಳು ಡಾಕ್ಟರು. ಹಾಲಿನ ತೊಟ್ಟೆಯ ಮೇಲೆ ಹತ್ತು ವರ್ಷ ಹಠ ಸಾಧಿಸಿದ ಇಂಥ ಹೆಂಗಸು ಪಕ್ಕದ ಮನೆಯಲ್ಲಿದ್ದಿದ್ದರೆ ತಾವು ಎಷ್ಟು ನಗುತ್ತಿದ್ದರು ಎಂದು ಕಾಮಾಕ್ಷಿಗೆ ಅನಿಸಿ, ತಮ್ಮ ಮೇಲೆಯೇ ಅಸಹ್ಯವಾಯಿತು. ಅದನ್ನೂ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಧನುಶ್ರೀ ಮಜ್ಜಿಗೆಯ ಲೋಟ ತಂದಿಟ್ಟಳು. “ಹೇಗುಂಟು ಅತ್ತೆ?”

“ಥೂ! ಮೊಸರಿಗೆ ಹೆಪ್ಪು ಹಾಕ್ಲಿಕ್ಕೂ ಬರೂದಿಲ್ಲ ನಿನಗೆ. ನಾಳೆಯಿಂದ ನಾನೇ ಹಾಕ್ತೇನೆ,” ಎಂದು ಕಾಮಾಕ್ಷಿ ಲೋಟ ಬರಿದು ಮಾಡಿ, ಇನ್ನಷ್ಟು ಹಾಕೆಂದು ಮುಂದೆ ಚಾಚಿದರು.