ಬದುಕಿದ್ದವರ ಬಾಯಲ್ಲಿ ದಾರ

ಹೈಫಾ ನಗರದಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳನ್ನು ನಿಲ್ಲಿಸಿದರೆ ಸಾಲು ಬೆಟ್ಟದಿಂದ ಬಂದರಿನವರೆಗೂ ಹೋದೀತು. ಅವರಲ್ಲಿ ಮುಕ್ಕಾಲು ಪಾಲು ಜನರ ಕೈಗೆ ಸೂಜಿ ಕೊಟ್ಟವರು ಶ್ರೀಮತಿ ಫ್ರಿದಾ ಲೆಬೊವಿಚ್. ಮೂವತ್ತೊಂದು ವರ್ಷಗಳ ಸೇವೆಯ ಬಳಿಕ ನಮ್ಮ ಹೊಲಿಗೆ ಶಾಲೆಯಿಂದ ನಿವೃತ್ತರಾಗುತ್ತಿರುವ ಅವರು ನನಗೆ ಗುರುಗಳು, ಆಮೇಲೆ ಸಹೋದ್ಯೋಗಿ. ಎಲ್ಲಕ್ಕೂ ಮೊದಲು ನನ್ನ ತಾಯಿ ಸೆರೆನ್‌ಳ ಅಕ್ಕ, ನನ್ನ ದೊಡ್ಡಮ್ಮ. ಹಾಗೆಂದು ಒಂದು ಅಂಕವನ್ನಾದರೂ ಹೆಚ್ಚಿಗೆ ಕೊಟ್ಟವರಲ್ಲ, ಬಿಡಿ!

ತೊಟ್ಟ ಬಟ್ಟೆಯನ್ನು ಮೈಮೇಲೆಯೇ ಹೊಲಿಯುವುದು ಯಹೂದಿಗಳಾದ ನಮ್ಮವರಲ್ಲಿ ಹೆಣಕ್ಕೆ ಮಾತ್ರ. ಬದುಕಿರುವವರ ಮೈಮೇಲೆ ಗುಂಡಿ ಹೊಲಿಯಬೇಕಾದರೆ ಅವರು ದಾರದ ತುಂಡೊಂದನ್ನು ಅಗಿಯುತ್ತಿರಬೇಕು. ಇದನ್ನು ನಂಬದ ಹುಡುಗಿಯರೂ ದೊಡ್ಡಮ್ಮನವರ ತರಗತಿಯಲ್ಲಿ ತುಟಿಪಿಟಕ್ಕೆನ್ನದೆ ಅಗಿದರು. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಕೋಟಿನ ಗುಂಡಿ ಜೋತಾಡುತ್ತಿದ್ದುದನ್ನು ಕಂಡು ದೊಡ್ಡಮ್ಮ ಅವರ ಬಾಯಿಗೂ ದಾರ ತುರುಕಿ, "ಮಾತು ಆಮೇಲೆ, ಮೊದ್ಲು ಅಗೀರಿ" ಎಂದರು. ಸಾಹೇಬರು ಅಗಿದರು.

ಈ ಹಟದ ಮೂಲವನ್ನು ತಾಯಿ ನನಗೆ ಹೇಳಿದ್ದು ನನ್ನ ಮದುವೆಯ ಹಿಂದಿನ ದಿನ. ೧೯೪೪ರಲ್ಲಿ ಜರ್ಮನರು ಮುಂಕಾಚ್ ಊರಿನಿಂದ ರೈಲಿಗೆ ತುಂಬಿ ಶಿಬಿರಕ್ಕೆ ಸಾಗಿಸಿದ ಅವರ ಮನೆಯ ಏಳು ಜನರಲ್ಲಿ ಚಳಿಗಾಲದವರೆಗೆ ಉಳಿದವರು ಈ ಅಕ್ಕತಂಗಿಯರಿಬ್ಬರೇ. ತಾಯಿಗೆ ಆಗ ಹದಿನಾರು. ಮೈ ಸುಡುವ ಜ್ವರ. ಬೆಳಗಿನ ಹಾಜರಿಯಲ್ಲಿ ನೆಟ್ಟಗೆ ನಿಲ್ಲದವರನ್ನು ಬೇರೆ ಸಾಲಿಗೆ ಎಳೆಯುತ್ತಿದ್ದರು; ಆ ಸಾಲಿನವರು ಮರಳುತ್ತಿರಲಿಲ್ಲ. ಹರಿದ ಕೋಟನ್ನು ಬಿಚ್ಚಿಸಿದರೆ ತಂಗಿ ಚಳಿಗೇ ಸತ್ತಾಳೆಂದು, ಎರಡು ದಿನದ ರೊಟ್ಟಿ ಕೊಟ್ಟು ಪಡೆದ ಸೂಜಿಯಿಂದ ದೊಡ್ಡಮ್ಮ ಮೈಮೇಲೆಯೇ ಹೊಲಿಯತೊಡಗಿದರು.

"ಹೊಲಿ, ಹೊಲಿ. ಹೆಣಕ್ಕೆ ತಾನೆ?" ಎಂದಳಂತೆ ತಂಗಿ.

ದೊಡ್ಡಮ್ಮ ಅವಳ ಕೆನ್ನೆಗೊಂದು ಬಿಟ್ಟು, ಕಂಬಳಿಯ ಎಳೆ ಕಿತ್ತು ಬಾಯಿಗೆ ತುರುಕಿದರು. "ಅಗಿಯೇ, ಕತ್ತೆ! ಹೆಣಕ್ಕಲ್ಲ ನಾನು ಹೊಲೀತಿರೋದು."

ತಾಯಿ ಅಗಿದಳು. ಹಾಜರಿ ಮುಗಿಯುವವರೆಗೂ ಅಗಿಯುತ್ತ, ಅಳುತ್ತ, ನೆಟ್ಟಗೆ ನಿಂತಳು. ನಾನು ಹುಟ್ಟಿದ್ದೂ ಆ ಒಂದು ಬೆಳಗನ್ನು ಅವಳು ದಾಟಿದ್ದರಿಂದಲೇ.

ಅವರ ನಿವೃತ್ತಿಗೆಂದು ಶಾಲೆ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ಛಾಯಾಚಿತ್ರ ತೆಗೆಸಲು ಹೊರಟ ದಿನ ದೊಡ್ಡಮ್ಮನವರ ಕೋಟಿನ ಗುಂಡಿ ಕಿತ್ತುಬಂತು. ತಾಯಿಯೂ ಜೊತೆಗಿದ್ದಳು. ನಾನು ಸೂಜಿ ಹಿಡಿದೆ.

"ದಾರ ಗೀರ ಬೇಡ ಕಣೇ. ಇನ್ನೇನು, ಮನೇಲಿ ಕೂರೋ ಮುದುಕಿ. ಕಟ್ಟಿಸಿದ ಹಲ್ಲು ಬೇರೆ," ಎಂದರು.

ಆ ಶಿಬಿರದ ಮಾತನ್ನು ಅಕ್ಕನೆದುರು ಎಂದೂ ಎತ್ತದ ನನ್ನ ತಾಯಿ ದಾರ ಕಡಿದು ಅವರ ಬಾಯಿಗೆ ತುರುಕಿದಳು. "ಅಗಿಯೇ ಅಕ್ಕಾ! ಹೆಣಕ್ಕಲ್ಲ ಹೊಲೀತಿರೋದು."

ದೊಡ್ಡಮ್ಮ ಅವಳನ್ನೇ ನೋಡುತ್ತ ಅಗಿದರು.

ನಮ್ಮವರು ಹರಸುವಂತೆ ಅವರು ನೂರಿಪ್ಪತ್ತು ವರ್ಷ ಬಾಳಲಿ. ಭಾನುವಾರ ಬರುವ ಹೊಸ ಹುಡುಗಿಯರಿಗೆ ಗುಂಡಿಯ ಪಾಠವನ್ನು ನೀವೇ ಹೇಳಬೇಕೆಂದು ಆಗಲೇ ಕೇಳಿಕೊಂಡೆ. ಬಾಯಲ್ಲಿ ದಾರವಿತ್ತು, ತಲೆಯಾಡಿಸಿ ಒಪ್ಪಿದರು.